ಅಕ್ಷಿಪಟಲದ ಅಳತೆ

ರೋಗವನ್ನು ಅಳೆಯುವುದು ವೈದ್ಯನ ಕೆಲಸವೆಂಬುದನ್ನು ಎಲ್ಲರೂ ಬಲ್ಲರು. ಆರೋಗ್ಯವನ್ನೂ ಅಳೆಯಬೇಕಾಗುತ್ತದೆಂಬುದು ಅಷ್ಟಾಗಿ ನಮ್ಮ ಗಮನಕ್ಕೆ ಬರುವುದಿಲ್ಲ. ಜ್ವರ ಬಂದವನ ಮೈಶಾಖವನ್ನು ಉಷ್ಣಮಾಪಕದಿಂದ ನೋಡುತ್ತೇವೆ. ಜ್ವರವಿಲ್ಲದವನ ಮೈಶಾಖ ಎಷ್ಟೆಂಬುದು ಮೊದಲೇ ತಿಳಿಯದಿದ್ದರೆ ಆ ನೋಟಕ್ಕೆ ಏನು ಅರ್ಥ? ಜರ್ಮನಿಯ ವೈದ್ಯ ವುಂಡರ್ಲಿಷ್ ಸಾವಿರಾರು ಜನರ ಕಂಕುಳಲ್ಲಿ ಉಷ್ಣಮಾಪಕವನ್ನಿಟ್ಟು, ಕಂಡುದನ್ನು ತಾಳ್ಮೆಯಿಂದ ಬರೆದಿಟ್ಟು, 1868ರಲ್ಲಿ ಪ್ರಕಟಿಸಿದನು. ಅಂತಹ ದುಡಿಮೆಯ ಫಲವಾಗಿಯೇ 37 ಡಿಗ್ರಿ ಎಂಬ ಅಂಕೆ ಇಂದು ಮನೆಮನೆಯ ಮಾತಾಗಿದೆ. ಇದೇ ಬಗೆಯ ಕೆಲಸವೊಂದು ನಮ್ಮ ಕಾಲದಲ್ಲಿ ಕಣ್ಣಿನ ವಿಷಯದಲ್ಲಿ ನಡೆಯಿತು, ಈಗಲೂ ನಡೆಯುತ್ತಿದೆ. ಅಲ್ಲಿ ಅಳೆಯುವುದು ಶಾಖವನ್ನಲ್ಲ, ದಪ್ಪವನ್ನು. ಕಣ್ಣಿನ ಒಳಗೋಡೆಗೆ ಅಂಟಿದಂತಿರುವ ಅಕ್ಷಿಪಟಲದ, ಅಂದರೆ ರೆಟಿನಾದ ದಪ್ಪವನ್ನು.

ಅಕ್ಷಿಪಟಲ ಎಷ್ಟು ತೆಳುವಾದುದೆಂಬುದನ್ನು ಊಹಿಸಬೇಕಾದರೆ ನಿಮ್ಮ ಬರೆಯುವ ಪುಸ್ತಕದ ಹಾಳೆಯನ್ನು ಬೆರಳುಗಳ ನಡುವೆ ಹಿಡಿದು ನೋಡಿ. ಒಂದು ಹಾಳೆಯ ದಪ್ಪ ಹೆಚ್ಚುಕಡಿಮೆ 100 ಮೈಕ್ರಾನು. ಒಂದು ಮಿಲಿಮೀಟರನ್ನು ಸಾವಿರ ಪಾಲು ಮಾಡಿದರೆ ಅದರಲ್ಲಿ ಒಂದು ಪಾಲೇ ಮೈಕ್ರಾನು. ಅಂತಹ ಎರಡು ಮೂರು ಹಾಳೆಗಳನ್ನು ಒಂದರ ಮೇಲೊಂದಿಟ್ಟರೆ ಎಷ್ಟಾದೀತೋ ಅಷ್ಟೇ ಅಕ್ಷಿಪಟಲದ ದಪ್ಪ. ಇಷ್ಟು ತೆಳುವಾದ ಪೊರೆಯಲ್ಲಿ ಶಾಸ್ತ್ರಜ್ಞರು ಹತ್ತು ಪದರಗಳನ್ನು ಗುರುತಿಸಿದ್ದಾರೆ. ಸುಮಾರು 12 ಕೋಟಿ ದಂಡಕೋಶಗಳೂ 60 ಲಕ್ಷ ಶಂಕುಕೋಶಗಳೂ ಅದರಲ್ಲಿ ನೆಲೆಸಿವೆ. ಸೋಜಿಗವೆಂದರೆ, ಬೆಳಕನ್ನು ಗ್ರಹಿಸುವ ಈ ಕೋಶಗಳು ಮುಂದಿನ ಸಾಲಿನಲ್ಲಿಲ್ಲ, ಹಿಂದೆ ಇವೆ. ಬೆಳಕು ಮೇಲಿನ ಪದರಗಳನ್ನೆಲ್ಲ ದಾಟಿಯೇ ಅವನ್ನು ಮುಟ್ಟಬೇಕು. ಆದುದರಿಂದಲೇ ಆ ಪದರಗಳು ಪಾರದರ್ಶಕವಾಗಿವೆ. ಈ ಪಾರದರ್ಶಕತೆಯೇ ಮುಂದೆ ಅಳತೆಗಾರನ ನೆರವಿಗೆ ಬಂದಿತು.

ಪಟಲದ ದಪ್ಪ ಎಲ್ಲೆಡೆಯೂ ಒಂದೇ ಸಮನಾಗಿಲ್ಲ. ನಾವು ಓದುವಾಗ, ಸೂಜಿಗೆ ದಾರ ಪೋಣಿಸುವಾಗ, ಒಬ್ಬರ ಮುಖವನ್ನು ದಿಟ್ಟಿಸುವಾಗ ಬಳಕೆಯಾಗುವುದು ಪೀತಬಿಂದುವೆಂಬ ಸಣ್ಣ ಪ್ರದೇಶ. ಅದರ ನಡುವೆ ಒಂದು ಕುಳಿಯುಂಟು. ಆ ಜಾಗದಲ್ಲಿ ಮೇಲಿನ ಪದರಗಳು ಪಕ್ಕಕ್ಕೆ ಸರಿದು ಬೆಳಕಿಗೆ ನೇರವಾದ ದಾರಿಯನ್ನು ಬಿಟ್ಟುಕೊಟ್ಟಿವೆ. ಸರಿದ ಪದರಗಳು ಸುತ್ತಲೂ ಏರಿಯಾಗಿ ನಿಂತಿವೆ. ತೆಂಗಿನ ಬುಡಕ್ಕೆ ನೀರು ನಿಲ್ಲಲೆಂದು ಪಾತಿ ಮಾಡಿರುವುದನ್ನು ನೋಡಿದ್ದೀರಷ್ಟೆ. ನಡುವೆ ತಗ್ಗು, ಸುತ್ತ ಕಟ್ಟೆ. ಇದರ ಆಕಾರವೂ ಅಂಥದೇ. ಆ ಕಟ್ಟೆಯನ್ನು ದಾಟಿ ಹೊರಕ್ಕೆ ಹೋದಂತೆ ಪಟಲ ಮತ್ತೆ ತೆಳುವಾಗುತ್ತದೆ. ಆದರೆ ಮೂಗಿನ ಕಡೆಗೆ ಅಷ್ಟಾಗಿ ತೆಳುವಾಗದು. ಏಕೆಂದರೆ ಪಟಲದ ನರತಂತುಗಳೆಲ್ಲ ದೃಷ್ಟಿನರವನ್ನು ಸೇರಲು ಆ ದಿಕ್ಕಿನಲ್ಲಿಯೇ ಒಟ್ಟುಗೂಡುತ್ತವೆ.

ಜೀವಂತ ಕಣ್ಣಿನ ಒಳಗೆ ಇಷ್ಟು ಸೂಕ್ಷ್ಮವಾದ ಅಳತೆಯನ್ನು ಮಾಡುವ ಬಗೆ ಹೇಗೆ? ಸ್ಕ್ರೂಗೇಜನ್ನು ಅಲ್ಲಿಗೆ ಒಯ್ಯುವಂತಿಲ್ಲ. 1851ರಲ್ಲಿ ಹೆಲ್ಮ್‌ಹೋಲ್ಟ್ಸನು ರಚಿಸಿದ ನೇತ್ರದರ್ಶಕದಿಂದ ವೈದ್ಯರು ಅಕ್ಷಿಪಟಲವನ್ನು ಕಣ್ಣಾರೆ ಕಂಡರು. ಆದರೆ ಅವರಿಗೆ ಕಂಡದ್ದು ಮೇಲ್ಮೈ. ನೆಲವನ್ನು ಮೇಲಿನಿಂದ ನೋಡಿದವನಿಗೆ ಮಣ್ಣಿನ ಆಳ ತಿಳಿಯುವುದೆ? ಶಬ್ದದ ಪ್ರತಿಧ್ವನಿಯಿಂದ ಆಳವನ್ನು ತಿಳಿಯುವ ಉಪಾಯವಿತ್ತು. ಅದರ ಅಲೆಗಳು ಈ ಕೆಲಸಕ್ಕೆ ತೀರ ಒರಟು. ಬೆಳಕಿನ ಪ್ರತಿಫಲನವನ್ನು ಬಳಸೋಣವೆಂದರೆ ಬೆಳಕಿನ ವೇಗ ಸೆಕೆಂಡಿಗೆ ಸುಮಾರು ಮೂರು ಲಕ್ಷ ಕಿಲೋಮೀಟರು. ಹತ್ತು ಮೈಕ್ರಾನು ದೂರವನ್ನು ಅದು ದಾಟುವ ಕಾಲವನ್ನು ಎಣಿಸಬಲ್ಲ ಗಡಿಯಾರ ಯಾವ ಆಸ್ಪತ್ರೆಯಲ್ಲಿದ್ದೀತು?

ಗಡಿಯಾರವಿಲ್ಲದೆಯೇ ಕೆಲಸ ಸಾಧಿಸಿದ್ದು ಜಾಣತನದ ಮಾತು. ಒಂದು ಬೆಳಕಿನ ಕಿರಣವನ್ನು ಎರಡಾಗಿ ಸೀಳಿ, ಒಂದನ್ನು ಕಣ್ಣಿನೊಳಕ್ಕೂ ಇನ್ನೊಂದನ್ನು ಕನ್ನಡಿಯ ಕಡೆಗೂ ಕಳುಹಿಸುತ್ತಾರೆ. ಎರಡೂ ಹಿಂದಿರುಗಿ ಒಂದುಗೂಡಿದಾಗ, ಅವು ನಡೆದ ದಾರಿಗಳು ಹೆಚ್ಚುಕಡಿಮೆ ಸಮನಾಗಿದ್ದರೆ ಮಾತ್ರ ವ್ಯತಿಕರಣದ ಗುರುತು ಮೂಡುತ್ತದೆ. ಆದುದರಿಂದ ಕನ್ನಡಿಯ ದೂರವನ್ನು ಬಲ್ಲವನು ಕಣ್ಣಿನೊಳಗಿನ ಪದರದ ಆಳವನ್ನೂ ಬಲ್ಲನು. ಬೆಳಕನ್ನು ಹೀಗೆ ಸೀಳಿ ಕೂಡಿಸುವ ಉಪಕರಣವನ್ನು ಮೈಕೆಲ್‌ಸನ್ನನು 1880ರ ದಶಕದಲ್ಲಿ ತೀರ ಬೇರೆಯ ಪ್ರಶ್ನೆಗಾಗಿ, ಆಕಾಶವನ್ನೆಲ್ಲ ತುಂಬಿದೆಯೆಂದು ನಂಬಲಾಗಿದ್ದ ಈಥರನ್ನು ಹುಡುಕಲು ಬಳಸಿದ್ದನು. ಈಥರು ಸಿಗಲಿಲ್ಲ, ಉಪಕರಣ ಉಳಿಯಿತು. ಅಮೆರಿಕದ ಮ್ಯಾಸಚೂಸೆಟ್ಸ್ ತಾಂತ್ರಿಕ ಸಂಸ್ಥೆಯ ಜೇಮ್ಸ್ ಫುಜಿಮೋಟೊ, ಅಲ್ಲಿ ವಿದ್ಯಾರ್ಥಿಯಾಗಿದ್ದ ಡೇವಿಡ್ ಹುವಾಂಗ್, ಎಂಜಿನಿಯರ್ ಎರಿಕ್ ಸ್ವಾನ್‌ಸನ್ ಮತ್ತು ಅವರ ಸಂಗಡಿಗರು ಈ ತತ್ತ್ವದಿಂದ ಅಕ್ಷಿಪಟಲದ ಅಡ್ಡಕೊಯ್ತದ ಚಿತ್ರವನ್ನು ಪಡೆದು 1991ರಲ್ಲಿ ಪ್ರಕಟಿಸಿದರು. ಅದು ದೇಹದಿಂದ ಬೇರ್ಪಡಿಸಿದ ಕಣ್ಣು. ಎರಡು ವರ್ಷಗಳಲ್ಲಿಯೇ ಜೀವಂತ ಕಣ್ಣಿನ ಚಿತ್ರವೂ ಸಾಧ್ಯವಾಯಿತು. ಈ ವಿಧಾನಕ್ಕೆ ಆಪ್ಟಿಕಲ್ ಕೊಹೆರೆನ್ಸ್ ಟೊಮೊಗ್ರಫಿ ಎಂದು ಹೆಸರು. ವೈದ್ಯರು ಚಿಕ್ಕದಾಗಿ ಒ.ಸಿ.ಟಿ. ಎನ್ನುತ್ತಾರೆ. ಪರೀಕ್ಷೆಗೆ ಬಂದವನು ಗಲ್ಲವನ್ನು ಒಂದು ಆಸರೆಯ ಮೇಲಿಟ್ಟು ಒಳಗಿನ ಗುರುತನ್ನು ಕೆಲವು ಸೆಕೆಂಡು ದಿಟ್ಟಿಸಿದರೆ ಸಾಕು. ಯಾವುದೂ ಕಣ್ಣನ್ನು ಮುಟ್ಟುವುದಿಲ್ಲ.

ಯಂತ್ರ ಸಿದ್ಧವಾಯಿತು, ಅಂಕೆ ಬಂದಿತು. ಆದರೆ 270 ಮೈಕ್ರಾನೆಂಬ ಅಂಕೆ ಒಳ್ಳೆಯದೋ ಕೆಟ್ಟದ್ದೋ ಎಂದು ಹೇಳುವವರು ಯಾರು? ಇದಕ್ಕಾಗಿ ಕಣ್ಣುಬೇನೆಯಿಲ್ಲದವರನ್ನು ಹುಡುಕಿ ಅಳೆಯಬೇಕಾಯಿತು. ದೃಷ್ಟಿ ಚೆನ್ನಾಗಿರಬೇಕು, ಕಣ್ಣಿನ ಒತ್ತಡ ಮಿತಿಯಲ್ಲಿರಬೇಕು, ಸಕ್ಕರೆ ಕಾಯಿಲೆ ಇರಕೂಡದು, ಕಣ್ಣಿಗೆ ಶಸ್ತ್ರಚಿಕಿತ್ಸೆ ಆಗಿರಕೂಡದು ಎಂಬ ನಿಬಂಧನೆಗಳನ್ನಿಟ್ಟುಕೊಂಡು ಅನೇಕ ದೇಶಗಳಲ್ಲಿ ಇಂತಹ ಅಳತೆಗಳು ನಡೆದವು. ಭಾರತೀಯರ ಕಣ್ಣುಗಳ ಅಳತೆಯೂ ಆಗಿದೆ. ಪೀತಬಿಂದುವಿನ ಮೇಲೆ 1, 3 ಮತ್ತು 6 ಮಿಲಿಮೀಟರು ಅಡ್ಡಳತೆಯ ಮೂರು ವೃತ್ತಗಳನ್ನು ಎಳೆದು, ಒಂಬತ್ತು ಭಾಗಗಳನ್ನಾಗಿ ಮಾಡಿ, ಒಂದೊಂದು ಭಾಗದ ಸರಾಸರಿಯನ್ನು ಬರೆಯುವುದು ರೂಢಿ.

ಆಗ ಒಂದು ತೊಡಕು ಕಾಣಿಸಿತು. ಆರೋಗ್ಯವಂತರ ನಡುಭಾಗದ ಸರಾಸರಿ ಹಳೆಯ ಯಂತ್ರದಲ್ಲಿ 200 ಮೈಕ್ರಾನಿನ ಆಸುಪಾಸು. 2006ರಿಂದೀಚೆಗೆ ಬಂದ ಹೊಸ ಯಂತ್ರಗಳಲ್ಲಿ 250ರಿಂದ 270. ಕಣ್ಣು ದಪ್ಪವಾಗಲಿಲ್ಲ, ಅಳೆಯಲು ತೊಡಗುವ ಜಾಗ ಬದಲಾಗಿತ್ತು. ಮನೆಯ ಎತ್ತರವನ್ನು ಒಬ್ಬನು ನೆಲಗಟ್ಟಿನಿಂದ, ಮತ್ತೊಬ್ಬನು ಪಾಯದಿಂದ ಅಳೆದರೆ ಲೆಕ್ಕ ಒಂದಾಗುವುದೆ? ಹಳೆಯ ಯಂತ್ರ ಶಂಕುಕೋಶಗಳ ನಡುವಿನ ಒಂದು ಗೆರೆಯನ್ನೇ ತಳವೆಂದು ಬಗೆದಿತ್ತು. ಹೊಸವು ಇನ್ನೂ ಕೆಳಗಿನ ಪದರದವರೆಗೆ ಹೋದವು. ಹೊಸ ಯಂತ್ರಗಳಲ್ಲಿಯೂ ತಳದ ವಿಷಯದಲ್ಲಿ ಒಮ್ಮತವಿಲ್ಲ. ಆದುದರಿಂದ ಒಂದು ಯಂತ್ರದ ಅಂಕೆಯನ್ನು ಇನ್ನೊಂದರ ಅಂಕೆಯೊಡನೆ ಹೋಲಿಸಿ ರೋಗಿಯನ್ನು ಹೆದರಿಸುವುದು ಅನ್ಯಾಯ.

ಮನುಷ್ಯರಲ್ಲಿಯೂ ಭೇದವುಂಟು. ನಡುಭಾಗ ಹೆಂಗಸರಿಗಿಂತ ಗಂಡಸರಲ್ಲಿ ತುಸು ದಪ್ಪ. ವಯಸ್ಸಾದಂತೆ ಪಟಲ ಮೆಲ್ಲಗೆ ತೆಳುವಾಗುತ್ತದೆ. ಇವು ಬರಿಯ ಕುತೂಹಲದ ಸಂಗತಿಗಳಲ್ಲ. ಸಕ್ಕರೆ ಕಾಯಿಲೆಯವರಲ್ಲಿ ಸಣ್ಣ ರಕ್ತನಾಳಗಳು ಸೋರಿ ಪೀತಬಿಂದು ಬಾತುಕೊಳ್ಳುವುದುಂಟು. ಕಾಲಕ್ಕೆ ಸರಿಯಾಗಿ ಕಂಡುಹಿಡಿದರೆ ಕಣ್ಣಿಗೆ ಚುಚ್ಚುಮದ್ದು ಕೊಟ್ಟು ದೃಷ್ಟಿಯನ್ನು ಉಳಿಸಬಹುದು. ಅಮೆರಿಕದಲ್ಲಿ ನಡೆದ ಒಂದು ದೊಡ್ಡ ಚಿಕಿತ್ಸಾ ಪರೀಕ್ಷೆಯಲ್ಲಿ ಬಾವನ್ನು ಗುರುತಿಸುವ ಎಲ್ಲೆಯನ್ನು ಒಂದು ಯಂತ್ರಕ್ಕೆ ಹೆಂಗಸರಲ್ಲಿ 305, ಗಂಡಸರಲ್ಲಿ 320 ಮೈಕ್ರಾನೆಂದು ಇಟ್ಟರು. ಬೇರೊಂದು ಯಂತ್ರಕ್ಕೆ 290 ಮತ್ತು 305. ಹದಿನೈದು ಮೈಕ್ರಾನು ಎಷ್ಟು ಮಹಾ ಎನ್ನಬೇಡಿ. ಎಲ್ಲೆಯ ಬಳಿಯಿರುವ ರೋಗಿಗೆ ಚಿಕಿತ್ಸೆ ದೊರೆಯುವುದೂ ದೊರೆಯದಿರುವುದೂ ಅಷ್ಟರಲ್ಲಿಯೇ ನಿಂತಿರಬಹುದು.

ಯಂತ್ರವು ತನ್ನ ಅಂಕೆಗಳಿಗೆ ಬಣ್ಣವನ್ನೂ ಹಚ್ಚಿಕೊಡುತ್ತದೆ: ಹಸಿರೆಂದರೆ ಕ್ಷೇಮ, ಹಳದಿಯೆಂದರೆ ಶಂಕೆ, ಕೆಂಪೆಂದರೆ ಅಪಾಯ. ಪಟಲ ತೆಳುವಾಗುವ ರೋಗಗಳಲ್ಲಿ ಕೆಂಪು ಬೀಳುವುದು, ಆರೋಗ್ಯವಂತರಲ್ಲಿ ಅತ್ಯಂತ ತೆಳು ಪಟಲವಿರುವ ನೂರಕ್ಕೆ ಒಬ್ಬರ ಮಟ್ಟಕ್ಕಿಂತ ಕೆಳಗಿಳಿದಾಗ. ಅಂದಮೇಲೆ, ರೋಗವೇ ಇಲ್ಲದ ನೂರು ಮಂದಿಯಲ್ಲಿಯೂ ಒಬ್ಬನಿಗೆ ಕೆಂಪು ಬೀಳಬಹುದಲ್ಲವೆ? ಕಣ್ಣುಗುಡ್ಡೆ ಉದ್ದವಾಗಿ ಸಮೀಪದೃಷ್ಟಿ ಹೆಚ್ಚಾಗಿರುವವರ ಗತಿಯಂತೂ ಇನ್ನೂ ವಿಚಿತ್ರ. ಅವರ ಪಟಲದ ಹೊರವಲಯ ಸಹಜವಾಗಿಯೇ ತೆಳು. ಆದರೆ ಮಾದರಿಯ ಪಟ್ಟಿಯನ್ನು ತಯಾರಿಸುವಾಗ ಅಂಥವರನ್ನು ಸಾಮಾನ್ಯವಾಗಿ ಹೊರಗಿಟ್ಟಿರುತ್ತಾರೆ. ಹೀಗೆ ಪಟ್ಟಿಯಲ್ಲಿ ತಾವಿಲ್ಲದವರು ಅದೇ ಪಟ್ಟಿಯಿಂದ ರೋಗಿಗಳೆನಿಸಿಕೊಳ್ಳುತ್ತಾರೆ. ನೇತ್ರವೈದ್ಯರು ಇದಕ್ಕೆ ‘ಕೆಂಪು ರೋಗ’ವೆಂದು ವಿನೋದದ ಹೆಸರಿಟ್ಟಿದ್ದಾರೆ, ಕಣ್ಣಿಗೆ ಏನೂ ಆಗಿಲ್ಲ, ಕಾಯಿಲೆಯಿರುವುದು ಕಾಗದದ ಮೇಲೆ. ಇದಕ್ಕೆ ಎದುರಾದ ‘ಹಸಿರು ರೋಗ’ವೂ ಉಂಟು. ಅದು ಹೆಚ್ಚು ಅಪಾಯಕರವೆಂದು ನನಗೆ ತೋರುತ್ತದೆ. ಹುಟ್ಟಿನಿಂದಲೇ ದಪ್ಪ ಪಟಲವುಳ್ಳವನಿಗೆ ಗ್ಲಾಕೋಮಾ ಬಂದು ನರತಂತುಗಳು ಸವೆಯುತ್ತಿದ್ದರೂ ಅಂಕೆ ಬಹುಕಾಲ ಹಸಿರಿನಲ್ಲಿಯೇ ನಿಂತಿರುತ್ತದೆ. ತರಗತಿಯ ಸರಾಸರಿಗಿಂತ ಮೇಲಿದ್ದಾನೆಂಬ ಕಾರಣಕ್ಕೆ, ತೊಂಬತ್ತರಿಂದ ಎಪ್ಪತ್ತಕ್ಕೆ ಇಳಿದ ಹುಡುಗನನ್ನು ಉಪಾಧ್ಯಾಯರು ಗಮನಿಸದೆ ಹೋಗುವುದಿಲ್ಲವೆ, ಹಾಗೆ.

ಆದುದರಿಂದ ಅನುಭವಿಗಳಾದ ವೈದ್ಯರು ಬಣ್ಣವೊಂದನ್ನೇ ನಂಬುವುದಿಲ್ಲ. ಎಡಗಣ್ಣನ್ನು ಬಲಗಣ್ಣಿನೊಡನೆ ಹೋಲಿಸುತ್ತಾರೆ. ಅಡ್ಡಕೊಯ್ತದ ಚಿತ್ರವನ್ನು ತಾವೇ ನೋಡಿ, ಯಂತ್ರ ಗೆರೆಯೆಳೆದಿರುವುದು ಸರಿಯಾದ ಪದರದ ಮೇಲೆಯೇ ಎಂದು ಪರಿಶೀಲಿಸುತ್ತಾರೆ. ಎಲ್ಲಕ್ಕಿಂತ ಮಿಗಿಲಾಗಿ, ಅದೇ ಮನುಷ್ಯನ ಹಿಂದಿನ ವರ್ಷದ ಅಳತೆಯಿದ್ದರೆ ಅದನ್ನು ತರಿಸಿ ಪಕ್ಕದಲ್ಲಿಟ್ಟುಕೊಳ್ಳುತ್ತಾರೆ. ನಲವತ್ತರ ವಯಸ್ಸಿನಲ್ಲಿ, ಕಣ್ಣು ಚೆನ್ನಾಗಿರುವಾಗಲೇ ತೆಗೆಸಿಟ್ಟ ಒಂದು ಚಿತ್ರ ಅರವತ್ತರಲ್ಲಿ ಅವನಿಗೆ ಬೇರೆ ಯಾರ ಸರಾಸರಿಗಿಂತಲೂ ಹೆಚ್ಚು ಕೆಲಸಕ್ಕೆ ಬರುತ್ತದೆ.