ಬಚ್ಚಲ ಹಂಡೆಯಿಂದ ವಿದ್ಯುತ್ ಮೀಟರಿನವರೆಗೆ: ಬಡ ಕುಟುಂಬದ ಬಿಸಿನೀರಿನ ಲೆಕ್ಕ

ವಿಜಯಪುರ ಜಿಲ್ಲೆಯೆಂದರೆ ಬಿಸಿಲು, ಬರ ಮತ್ತು ಬಿಳಿಜೋಳ ಎಂಬ ಭಾವನೆ ನಾಡಿನಲ್ಲೆಲ್ಲ ಬೇರೂರಿದೆ. ಈ ಭಾವನೆ ಸುಳ್ಳಲ್ಲ, ಆದರೆ ಅಪೂರ್ಣವಾದುದು. ಸಮುದ್ರದಿಂದ ದೂರವಿರುವ, ಗಿಡಮರಗಳು ವಿರಳವಾದ ಈ ಎರೆಭೂಮಿಯ ಬಯಲು ಹಗಲಿನಲ್ಲಿ ಎಷ್ಟು ಬೇಗ ಕಾಯುವುದೋ ಇರುಳಿನಲ್ಲಿ ಅಷ್ಟೇ ಬೇಗ ಆರುವುದು. ಡಿಸೆಂಬರ್, ಜನವರಿ ತಿಂಗಳುಗಳಲ್ಲಿ ಇಲ್ಲಿಯ ಉಷ್ಣಾಂಶ 10 ಡಿಗ್ರಿ ಸೆಲ್ಸಿಯಸ್ಸಿಗಿಂತ ಕೆಳಗಿಳಿಯುವ ರಾತ್ರಿಗಳು ಅಪರೂಪವೇನಲ್ಲ. ಮುದ್ದೇಬಿಹಾಳ, ತಾಳಿಕೋಟಿ, ನಾಲತವಾಡಗಳ ಕಡೆಗೆ ಕೃಷ್ಣೆಯ ಮೇಲಿನಿಂದ ಬೀಸುವ ಬೆಳಗಿನ ಗಾಳಿಯನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಶೀತದೇಶಗಳಲ್ಲಿ ಬಡವರ ಗಳಿಕೆಯನ್ನು ನುಂಗುವುದು ಕೋಣೆಯನ್ನು ಕಾಯಿಸುವ ವೆಚ್ಚ. ಇಂಗ್ಲೆಂಡಿನಲ್ಲಿ ಈ ಸ್ಥಿತಿಗೆ 'ಇಂಧನ ಬಡತನ' ಎಂಬ ಹೆಸರೇ ರೂಢಿಗೆ ಬಂದಿತು. ಬ್ರೆಂಡಾ ಬೋರ್ಡ್‌ಮನ್ ಎಂಬ ವಿದುಷಿ 1991ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಮನೆಯನ್ನು ತಕ್ಕಮಟ್ಟಿಗೆ ಬೆಚ್ಚಗಿಡಲು ಆದಾಯದ ಹತ್ತನೆಯ ಒಂದು ಪಾಲಿಗಿಂತ ಹೆಚ್ಚು ವೆಚ್ಚಮಾಡಬೇಕಾದ ಕುಟುಂಬವು ಇಂಧನದಲ್ಲಿ ಬಡವಾದುದೆಂದು ಗೆರೆ ಎಳೆದರು. ನಮ್ಮ ಸೀಮೆಯಲ್ಲಿ ಕೋಣೆ ಕಾಯಿಸುವ ಪದ್ಧತಿಯಿಲ್ಲ. ಕಂಬಳಿ, ಕೌದಿಗಳೇ ಆ ಕೆಲಸವನ್ನು ನಿರ್ವಹಿಸುತ್ತವೆ. ಆದರೆ ಇಂಧನ ಬಡತನ ಇಲ್ಲಿಯೂ ಇದೆ. ಅದು ಕುಳಿತಿರುವುದು ಬಚ್ಚಲಿನಲ್ಲಿ.

ಬೆಳಗಿನ ಸ್ನಾನವು ಇಲ್ಲಿ ಐಚ್ಛಿಕವಾದ ಸುಖವಲ್ಲ. ಮಿಂದ ಮೇಲೆಯೇ ಪೂಜೆ, ಪೂಜೆಯಾದ ಮೇಲೆಯೇ ಪ್ರಸಾದ ಎಂಬುದು ಅನೇಕ ಮನೆಗಳ ನಿಯಮ. ಕೂಸು, ಬಾಣಂತಿ, ವೃದ್ಧರು ಇರುವ ಮನೆಯಲ್ಲಂತೂ ಬಿಸಿನೀರು ಔಷಧಕ್ಕೆ ಸಮಾನ. ಹಿಂದೆ ಈ ನೀರಿಗೆ ಬೆಲೆಯಿರಲಿಲ್ಲವೆಂದು ಹೇಳುವುದು ವಾಡಿಕೆ. ಬಚ್ಚಲಲ್ಲಿ ಹೂಳಿದ ಹಂಡೆ, ಅದರ ಬುಡದಲ್ಲಿ ಒಲೆ, ಒಲೆಗೆ ತೊಗರಿಕಟ್ಟಿಗೆ, ಹತ್ತಿಕಟ್ಟಿಗೆ, ಕುಳ್ಳು, ಹಳ್ಳದ ದಂಡೆಯ ಜಾಲಿ. ನಿಜವಾಗಿ ಬೆಲೆಯಿತ್ತು, ಅದನ್ನು ಹಣದಲ್ಲಿ ಕೊಡದೆ ಹೆಂಗಸರು ತಮ್ಮ ತಲೆಹೊರೆಯಿಂದಲೂ ಹೊಗೆ ಕುಡಿದ ಕಣ್ಣುಗಳಿಂದಲೂ ಕೊಡುತ್ತಿದ್ದರು. ಗೃಹಕೃತ್ಯದ ಲೆಕ್ಕಪುಸ್ತಕದಲ್ಲಿ ಅದನ್ನು ಯಾರೂ ಬರೆಯಲಿಲ್ಲವಷ್ಟೆ.

ಈ ಸಂಗತಿಯನ್ನು ಶಾಸ್ತ್ರೀಯವಾಗಿ ಅಳೆಯಲು ಯತ್ನಿಸಿದವರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದ ಪ್ರಾಧ್ಯಾಪಕ ಅಮೂಲ್ಯ ರೆಡ್ಡಿಯವರು (1930–2006) ಪ್ರಮುಖರು. 1974ರಲ್ಲಿ ಅವರ ನೇತೃತ್ವದಲ್ಲಿ ಅಲ್ಲಿ ಆರಂಭವಾದ 'ಅಸ್ತ್ರ' ಎಂಬ ಗ್ರಾಮೀಣ ತಂತ್ರಜ್ಞಾನ ಕೇಂದ್ರವು ಕುಣಿಗಲ್ ತಾಲೂಕಿನ ಪುರ ಮೊದಲಾದ ಹಳ್ಳಿಗಳಲ್ಲಿ ಮನೆಮನೆಯ ಶಕ್ತಿಬಳಕೆಯನ್ನು ಲೆಕ್ಕ ಹಾಕಿತು. ವಿದ್ಯುತ್ತಿನ ತಂತಿ ಊರಿಗೆ ಬಂದಿದ್ದರೂ ಶಕ್ತಿಯ ಸಿಂಹಪಾಲು ಸೌದೆಯಿಂದಲೇ ದೊರೆಯುತ್ತಿತ್ತು. ಆ ಸೌದೆ ಉರಿಯುತ್ತಿದ್ದುದು ಅಡುಗೆಗೆ ಮತ್ತು ಸ್ನಾನದ ನೀರಿಗೆ. ಜನರಿಗೆ ಬೇಕಾದುದು ಯೂನಿಟ್ಟುಗಳಲ್ಲ; ಬೆಂದ ಅನ್ನ, ಕಾದ ನೀರು, ಓದಲು ಬೆಳಕು ಎಂಬುದು ರೆಡ್ಡಿಯವರ ವಾದದ ತಿರುಳಾಗಿತ್ತು. ಕಡಿಮೆ ಸೌದೆಯಲ್ಲಿ ಹೆಚ್ಚು ಕಾಯುವ ಅಸ್ತ್ರ ಒಲೆ ಈ ಶೋಧನೆಯ ಫಲ. ಆ ಒಲೆಗಳಲ್ಲಿ ಹಲವು ಇಂದು ಉಳಿದಿಲ್ಲ, ವಾದವು ಉಳಿದಿದೆ.

ಹಂಡೆಯ ಒಲೆಯು ಏಕೆ ಆರುತ್ತಿದೆಯೆಂಬುದನ್ನು ಹೆಚ್ಚು ವಿಸ್ತರಿಸಬೇಕಾಗಿಲ್ಲ. ಹೊಲವಿಲ್ಲದವನಿಗೆ ಕಟ್ಟಿಗೆಯಿಲ್ಲ, ದನವಿಲ್ಲದವನಿಗೆ ಕುಳ್ಳಿಲ್ಲ. ಪಟ್ಟಣದ ಬಾಡಿಗೆಯ ಕೋಣೆಯಲ್ಲಿ ಒಲೆ ಹೂಡಲು ಮಾಲೀಕನ ಒಪ್ಪಿಗೆಯಿಲ್ಲ. ಕೃಷ್ಣೆಯ ಹಿನ್ನೀರಿಗೆ ಮನೆ ಬಿಟ್ಟುಕೊಟ್ಟು ಪುನರ್ವಸತಿ ಕೇಂದ್ರಗಳಿಗೆ ಬಂದ ಕುಟುಂಬಗಳಿಗೆ ಹಳೆಯ ಹಿತ್ತಿಲು, ಬಣವೆ, ತಿಪ್ಪೆಗಳ ಅನುಕೂಲ ಮತ್ತೆ ಹಾಗೆಯೇ ದೊರೆಯಲಿಲ್ಲ. ಸಂತೆಯಲ್ಲಿ ಕೆಲವು ನೂರು ರೂಪಾಯಿಗೆ ದೊರೆಯುವ, ಬಕೆಟ್ಟಿನಲ್ಲಿ ಇಳಿಬಿಡುವ ವಿದ್ಯುತ್ ಸರಳು ಆ ಸ್ಥಾನಕ್ಕೆ ಬಂದಿತು. ಕೊಳ್ಳುವಾಗ ಅದು ಅತ್ಯಂತ ಅಗ್ಗದ ಸಾಧನ. ಅದರ ನಿಜವಾದ ಬೆಲೆಯನ್ನು ಹೇಳುವುದು ಮೀಟರು.

ಆ ಲೆಕ್ಕವನ್ನು ಪ್ರೌಢಶಾಲೆಯ ವಿದ್ಯಾರ್ಥಿಯೂ ಮಾಡಬಲ್ಲನು. ಒಂದು ಲೀಟರ್ ನೀರನ್ನು ಒಂದು ಡಿಗ್ರಿ ಬಿಸಿಮಾಡಲು ಒಂದು ಕಿಲೋಕ್ಯಾಲರಿ ಉಷ್ಣ ಬೇಕು. ಒಂದು ಯೂನಿಟ್ ವಿದ್ಯುತ್ತೆಂದರೆ 860 ಕಿಲೋಕ್ಯಾಲರಿ. ಚಳಿಗಾಲದ ಬೆಳಗಿನಲ್ಲಿ ತೊಟ್ಟಿಯ ನೀರು 18 ಡಿಗ್ರಿಯಲ್ಲಿದೆಯೆಂದೂ ಸ್ನಾನಕ್ಕೆ 43 ಡಿಗ್ರಿ ಬೇಕೆಂದೂ ಇಟ್ಟುಕೊಂಡರೆ, ಒಬ್ಬರ 20 ಲೀಟರಿಗೆ 500 ಕಿಲೋಕ್ಯಾಲರಿ, ಅಂದರೆ ಬಕೆಟ್ಟಿನಿಂದ ಸೋರುವ ಅಲ್ಪ ಉಷ್ಣವನ್ನೂ ಸೇರಿಸಿ ಸುಮಾರು 0.6 ಯೂನಿಟ್ ಖರ್ಚಾಗುವುದು. ಐವರ ಕುಟುಂಬಕ್ಕೆ ದಿನಕ್ಕೆ 3 ಯೂನಿಟ್, ತಿಂಗಳಿಗೆ 90. ಇದೇ ಮನೆಯಲ್ಲಿ 9 ವಾಟಿನ ನಾಲ್ಕು ಎಲ್‌ಇಡಿ ದೀಪಗಳು ದಿನಕ್ಕೆ ಆರು ಗಂಟೆ ಉರಿದರೆ ತಿಂಗಳಿಗೆ ಸುಮಾರು ಆರೂವರೆ ಯೂನಿಟ್, 75 ವಾಟಿನ ಪಂಖ ಎಂಟು ಗಂಟೆ ತಿರುಗಿದರೆ 18, ದೂರದರ್ಶನಕ್ಕೆ ಏಳೆಂಟು. ದೀಪ, ಗಾಳಿ, ಮನರಂಜನೆ ಮೂರೂ ಕೂಡಿದರೂ ಬಿಸಿನೀರಿನ ಮೂರನೆಯ ಒಂದು ಪಾಲಿನ ಆಸುಪಾಸು. 'ದೀಪ ಆರಿಸಿರಿ, ಬಿಲ್ಲು ಏರೀತು' ಎಂದು ಓದುವ ಮಕ್ಕಳನ್ನು ಗದರಿಸುವ ತಂದೆಗೆ ಈ ಅಂಕಿಗಳನ್ನು ತೋರಿಸಬೇಕು. ಮಗಳು ರಾತ್ರಿ ನಾಲ್ಕು ಗಂಟೆ ಓದಿದರೆ ಒಂದು ದೀಪಕ್ಕೆ ಇಡೀ ತಿಂಗಳು ಒಂದು ಯೂನಿಟ್‌ಗಿಂತ ಸ್ವಲ್ಪ ಹೆಚ್ಚು ಸಾಕು. ಅದು ಇಬ್ಬರ ಒಂದು ದಿನದ ಸ್ನಾನಕ್ಕೆ ಸಮ.

ಸರಕಾರದ ನೆರವಿನ ಯೋಜನೆಗಳು ಹುಟ್ಟಿದ್ದು ದೀಪವನ್ನು ಕಣ್ಣಮುಂದಿಟ್ಟುಕೊಂಡು. ಭಾಗ್ಯಜ್ಯೋತಿ, ಅನಂತರ 1988–89ರ ಕುಟೀರಜ್ಯೋತಿ ಎಂಬ ಹೆಸರುಗಳೇ ಅದನ್ನು ಸಾರುತ್ತವೆ. ಗುಡಿಸಲಿಗೆ ಒಂದೇ ದೀಪದ ಸಂಪರ್ಕ, ಬಹುಕಾಲ ತಿಂಗಳಿಗೆ 18 ಯೂನಿಟ್ ಉಚಿತ. 2017ರಲ್ಲಿ ಅದು 40 ಆಯಿತು. ಕತ್ತಲೆಯಲ್ಲಿದ್ದ ಮನೆಗೆ ಬೆಳಕು ಬಂದುದು ಸಣ್ಣ ಮಾತಲ್ಲ. ಆದರೆ 18 ಯೂನಿಟ್ಟಿನಲ್ಲಿ ನೀರು ಕಾಯಿಸಿದರೆ ಐವರ ಮನೆಗೆ ಅದು ಆರೇ ದಿನದ ಸ್ನಾನ.

2023ರ ಜುಲೈ ತಿಂಗಳ ಬಳಕೆಯಿಂದ ಜಾರಿಗೆ ಬಂದ ಗೃಹಜ್ಯೋತಿ ಯೋಜನೆಯು 200 ಯೂನಿಟ್‌ವರೆಗೆ ಉಚಿತವೆಂದು ಪ್ರಸಿದ್ಧವಾಗಿದೆ. ಇದರಲ್ಲಿಯ ಒಂದು ಸೂಕ್ಷ್ಮವನ್ನು ಶಿಕ್ಷಿತರೂ ಅನೇಕರು ಗಮನಿಸಿಲ್ಲ. ಎಲ್ಲ ಮನೆಗಳಿಗೂ 200 ಯೂನಿಟ್ ಉಚಿತವಲ್ಲ. ಆಯಾ ಮನೆಯು 2022–23ರಲ್ಲಿ ಬಳಸಿದ ತಿಂಗಳ ಸರಾಸರಿಗೆ ಶೇಕಡಾ 10 ಸೇರಿಸಿದರೆ ಬರುವ ಸಂಖ್ಯೆಯೇ ಆ ಮನೆಯ ಹಕ್ಕು. ಅಷ್ಟಕ್ಕೆ ಮೀರಿದ ಯೂನಿಟ್ಟುಗಳಿಗೆ ಹಣ ತೆರಬೇಕು. 200ನ್ನು ದಾಟಿದರೆ ಪೂರ್ತಿ ಬಿಲ್ಲನ್ನೇ ತೆರಬೇಕು. 2024ರ ಜನವರಿಯಲ್ಲಿ ಸಚಿವ ಸಂಪುಟವು ಕಡಿಮೆ ಬಳಸುವ ಮನೆಗಳಿಗೆ ಶೇಕಡಾ 10ರ ಬದಲು 10 ಯೂನಿಟ್ ಕೂಡಿಸಲು ತೀರ್ಮಾನಿಸಿತು.

ಇದರ ಪರಿಣಾಮವನ್ನು ಎರಡು ಮನೆಗಳನ್ನು ಕಲ್ಪಿಸಿಕೊಂಡು ನೋಡಬಹುದು. ಮೊದಲನೆಯದರಲ್ಲಿ ಆ ವರ್ಷ ಹಂಡೆಗೆ ಕಟ್ಟಿಗೆ ಉರಿಯುತ್ತಿತ್ತು. ಸರಾಸರಿ ಬಳಕೆ 35 ಯೂನಿಟ್. ಆದ್ದರಿಂದ ಈಗಿನ ಹಕ್ಕು 45. ಎರಡನೆಯದರಲ್ಲಿ ಆಗಲೇ ಗೀಸರು, ಶೀತಕಪೆಟ್ಟಿಗೆ ಇದ್ದವು. ಸರಾಸರಿ 150, ಹಕ್ಕು 165. ಈಗ ಮೊದಲನೆಯ ಮನೆಯವರೂ ಚಳಿಗಾಲಕ್ಕೆ ಸರಳನ್ನು ಕೊಂಡು ತಂದರೆ ಬಳಕೆ 125 ಆಗುವುದು. 200ಕ್ಕೆ ಇನ್ನೂ ದೂರವಿದೆ. ಆದರೂ 80 ಯೂನಿಟ್ಟಿಗೆ ಹಣ ಕೊಡಬೇಕು. 2025–26ನೆಯ ಸಾಲಿಗೆ ಯೂನಿಟ್ಟಿಗೆ ನಿಗದಿಯಾದ 5 ರೂಪಾಯಿ 80 ಪೈಸೆಯಂತೆ, ತೆರಿಗೆಯನ್ನು ಬಿಟ್ಟು 464 ರೂಪಾಯಿ. ಅದೇ ಸಾಲಿನಲ್ಲಿ ಉದ್ಯೋಗ ಖಾತರಿಯ ದಿನಗೂಲಿ ರಾಜ್ಯದಲ್ಲಿ 370 ರೂಪಾಯಿ ಇತ್ತು. ಎರಡನೆಯ ಮನೆಯವರು ಇದಕ್ಕಿಂತ ಹೆಚ್ಚು ಬಳಸಿಯೂ ಬಿಡಿಗಾಸು ಕೊಡಬೇಕಾಗಿಲ್ಲ. ಹೆಚ್ಚು ಬಳಸುವ ಚಟವನ್ನು ತಡೆಯಲೆಂದು ಈ ಸರಾಸರಿಯ ನಿಯಮವನ್ನು ಇಟ್ಟಿರಬಹುದು, ಉದ್ದೇಶ ಅಸಂಗತವಲ್ಲ. ಆದರೆ ಬಡತನದಿಂದ ಕಡಿಮೆ ಬಳಸಿದವನಿಗೂ ಮಿತವ್ಯಯದಿಂದ ಕಡಿಮೆ ಬಳಸಿದವನಿಗೂ ಅದು ವ್ಯತ್ಯಾಸ ಕಾಣುವುದಿಲ್ಲ. ನಿನ್ನೆ ಹೊಗೆಯಲ್ಲಿ ಬೆಂದ ಮನೆಗೆ ಇಂದಿನ ಪಾಲು ಚಿಕ್ಕದಾಗಿದೆ. ಇದು ನ್ಯಾಯವೆನಿಸದು.

ಅಡುಗೆ ಅನಿಲ ಅಗ್ಗವೇ ಎಂಬ ಪ್ರಶ್ನೆ ಸಹಜವಾಗಿ ಏಳುವುದು. 14.2 ಕಿಲೋಗ್ರಾಮಿನ ಒಂದು ಸಿಲಿಂಡರಿನಲ್ಲಿ ಸುಮಾರು ಒಂದೂವರೆ ಲಕ್ಷ ಕಿಲೋಕ್ಯಾಲರಿ ಉಷ್ಣವಿದೆ. ಅದರಲ್ಲಿ ನೀರಿಗೆ ಸೇರುವುದು ಶೇಕಡಾ 60 ಎಂದು ಹಿಡಿದರೆ ಐವರ ಸ್ನಾನಕ್ಕೆ ಐದು ವಾರಗಳ ಸುಮಾರಿಗೆ ಬರುವುದು. 2025ರ ಏಪ್ರಿಲಿನಲ್ಲಿ ಬೆಲೆ ಏರಿದ ಮೇಲೆ ಸಿಲಿಂಡರು 850 ರೂಪಾಯಿಗಳನ್ನು ಮೀರಿತು. ಪೂರ್ಣ ಬೆಲೆ ತೆರುವವನಿಗೆ ಅನಿಲಕ್ಕಿಂತ ವಿದ್ಯುತ್ತೇ ಲೇಸು. ಉಜ್ವಲಾ ಯೋಜನೆಯ 300 ರೂಪಾಯಿ ಸಹಾಯಧನ ಪಡೆಯುವ ಮನೆಗೆ ಮಾತ್ರ ಅನಿಲವು ಸ್ವಲ್ಪ ಕಡಿಮೆಗೆ ಬೀಳುವುದು, ಆದರೆ ಅಡುಗೆಗೆ ಮತ್ತೊಂದು ಸಿಲಿಂಡರು ಬೇಕು.

ಇಲ್ಲಿ ಸ್ಥಳೀಯವಾದ ಒಂದು ವೈಚಿತ್ರ್ಯವನ್ನು ಹೇಳದೆ ಮುಂದುವರಿಯುವುದು ಕಷ್ಟ. ಶಕ್ತಿಯ ಉತ್ಪಾದನೆಯಲ್ಲಿ ಈ ಭಾಗ ಬಡವಲ್ಲ. 1964ರ ಮೇ 22ರಂದು ಲಾಲ್ ಬಹದ್ದೂರ್ ಶಾಸ್ತ್ರಿಯವರು ಅಡಿಗಲ್ಲನ್ನಿಟ್ಟ ಆಲಮಟ್ಟಿ ಅಣೆಕಟ್ಟಿನ ವಿದ್ಯುದಾಗಾರದ ಸಾಮರ್ಥ್ಯ 290 ಮೆಗಾವಾಟ್. ಅದರ ಜಲಾಶಯದ ನೀರನ್ನೇ ಪಡೆಯುವ ಕೂಡಗಿಯ ಉಷ್ಣವಿದ್ಯುತ್ ಸ್ಥಾವರದಲ್ಲಿ 800 ಮೆಗಾವಾಟಿನ ಮೂರು ಘಟಕಗಳಿದ್ದು 2017–18ರ ಅವಧಿಯಲ್ಲಿ ಉತ್ಪಾದನೆ ಆರಂಭಿಸಿದವು. ಒಟ್ಟು 2400 ಮೆಗಾವಾಟ್. ಅದು ಪೂರ್ಣ ಸಾಮರ್ಥ್ಯದಿಂದ ಒಂದು ಗಂಟೆ ನಡೆದರೆ 24 ಲಕ್ಷ ಯೂನಿಟ್ ಹುಟ್ಟುತ್ತದೆ. ಮೇಲಿನ ಲೆಕ್ಕದಂತೆ ಇಪ್ಪತ್ತಾರು ಸಾವಿರ ಮನೆಗಳ ಒಂದು ತಿಂಗಳ ಬಿಸಿನೀರು, ಒಂದೇ ಗಂಟೆಯ ದುಡಿಮೆಯಲ್ಲಿ! ಈ ವಿದ್ಯುತ್ತು ದಕ್ಷಿಣದ ಹಲವು ರಾಜ್ಯಗಳಿಗೆ ಹಂಚಿಕೆಯಾಗುವುದು. ಸ್ಥಾವರ ಹತ್ತಿರವಿದ್ದ ಮಾತ್ರಕ್ಕೆ ಊರವರಿಗೆ ದರದಲ್ಲಿ ರಿಯಾಯಿತಿಯಿಲ್ಲ.

ಭೌತಶಾಸ್ತ್ರದ ದೃಷ್ಟಿಯಿಂದ ಇನ್ನೊಂದು ವಿಡಂಬನೆಯೂ ಇದೆ. ಕೂಡಗಿಯಲ್ಲಿ ನಡೆಯುವುದೂ ನೀರು ಕಾಯಿಸುವ ಕೆಲಸವೇ. ಕಲ್ಲಿದ್ದಲಿನ ಬೆಂಕಿಯಿಂದ ನೀರು 500 ಡಿಗ್ರಿಗೂ ಮೀರಿದ ಹಬೆಯಾಗಿ ಚಕ್ರವನ್ನು ತಿರುಗಿಸುವುದು. ಇದ್ದಿಲಿನ ಉಷ್ಣದಲ್ಲಿ ಐದರಲ್ಲಿ ಎರಡು ಪಾಲಷ್ಟೇ ವಿದ್ಯುತ್ತಾಗುವುದು, ಉಳಿದುದು ಗಾಳಿಗೂ ತಂಪಿನ ಗೋಪುರಕ್ಕೂ ಸಲ್ಲುವುದು. ಹೀಗೆ ಅಷ್ಟು ಕಷ್ಟದಿಂದ ಪಡೆದ ಉತ್ಕೃಷ್ಟ ಶಕ್ತಿಯನ್ನು ತಂತಿಯಲ್ಲಿ ಸಾಗಿಸಿ, ಬಕೆಟ್ಟಿನ ನೀರನ್ನು 43 ಡಿಗ್ರಿಗೆ ಏರಿಸಲು ಮತ್ತೆ ಉಷ್ಣವನ್ನಾಗಿ ಮಾಡುತ್ತೇವೆ. ಆ ಹೊತ್ತಿಗೆ, ಜನವರಿಯ ಹಗಲಿನಲ್ಲಿಯೂ, ಈ ಬಯಲಿನ ಪ್ರತಿ ಚದರ ಮೀಟರ್ ಮಾಳಿಗೆಯ ಮೇಲೆ ದಿನಕ್ಕೆ ನಾಲ್ಕೈದು ಯೂನಿಟ್ಟಿನಷ್ಟು ಬಿಸಿಲು ಪುಕ್ಕಟೆಯಾಗಿ ಬಿದ್ದು ಹೋಗಿರುತ್ತದೆ.

ಸೌರ ಜಲತಾಪಕವೇ ಇದಕ್ಕೆ ಯೋಗ್ಯ ಉತ್ತರವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಅದರ ವೆಚ್ಚವೆಲ್ಲ ಮೊದಲ ದಿನವೇ ಬೀಳುವಂಥದು, ಬಾಡಿಗೆದಾರನಿಗೆ ಮಾಳಿಗೆಯೇ ತನ್ನದಲ್ಲ, ನಮ್ಮ ಗಡಸುನೀರಿನ ಸುಣ್ಣವು ಕೊಳವೆಗಳನ್ನು ಕಟ್ಟಿಸುವುದು. ದಾನಿಗಳ ಆಶ್ರಯವಿರುವ ವಿದ್ಯಾರ್ಥಿನಿಲಯಗಳ ಪ್ರಶ್ನೆ ಬೇರೆ. ನೂರು ಬಾಲಕರು ತಲಾ 15 ಲೀಟರಿನಂತೆ ಮೀಯುವುದಾದರೆ ದಿನಕ್ಕೆ 44 ಯೂನಿಟ್ಟಿನಷ್ಟು ಉಷ್ಣ ಬೇಕು. ಅಂಥಲ್ಲಿ ಮಾಳಿಗೆಯೂ ಇದೆ, ಹಾಕಿದ ಹಣವು ಮರಳಿ ಬರುವುದನ್ನು ಕಾಯುವ ವ್ಯವಧಾನವೂ ಇದೆ. ಬಡಮನೆಗೆ ಸದ್ಯ ಸಾಧ್ಯವಾದುದು ಕರಿಬಣ್ಣ ಬಳಿದ ಡಬ್ಬಿಯನ್ನು ಮಧ್ಯಾಹ್ನದ ಬಿಸಿಲಿಗಿಟ್ಟು ಸಂಜೆ ಮೀಯುವುದು. ಹೊಲದ ಕೆಲಸದಿಂದ ಮರಳಿದವರಿಗೆ ಇದು ಒಗ್ಗುವುದು. ಬೆಳಗಿನ ನಿಯಮವುಳ್ಳವರಿಗೆ ಒಗ್ಗದು, ಅವರನ್ನು ಬದಲಾಗೆನ್ನುವುದು ಹೊರಗಿನವರ ಕೆಲಸವಲ್ಲ.

ಕೆಲವು ತಪ್ಪು ತಿಳಿವಳಿಕೆಗಳನ್ನು ಶಿಕ್ಷಕರು ತರಗತಿಯಲ್ಲಿಯೇ ನಿವಾರಿಸಬಹುದು. ಅರ್ಧ ಬಕೆಟ್ ನೀರನ್ನು ಕುದಿಸಿ ತಣ್ಣೀರು ಬೆರೆಸಿದರೆ ಉಳಿತಾಯವೆಂದು ಹಲವರು ನಂಬಿದ್ದಾರೆ. ಒಟ್ಟು ಉಷ್ಣ ಅಷ್ಟೇ. ಉಳಿಯುವುದು ನೀರನ್ನೇ ಕಡಿಮೆ ಮಾಡಿದಾಗ. 20ರ ಬದಲು 12 ಲೀಟರಿನಲ್ಲಿ ಮಿಂದರೆ ತಿಂಗಳ 90 ಯೂನಿಟ್ 54ಕ್ಕೆ ಇಳಿಯುವುದು. ಸರಳಿಗೆ ಸುಣ್ಣ ಕಟ್ಟಿದರೆ ಬಿಲ್ಲು ಏರುವುದೆಂಬುದೂ ಸರಿಯಲ್ಲ; ಏರುವುದು ಸರಳಿನೊಳಗಿನ ತಾಪ, ಅದರಿಂದ ಅದು ಬೇಗ ಸುಡುವುದು. ವೋಲ್ಟೇಜು 230ರಿಂದ 190ಕ್ಕೆ ಇಳಿದರೆ ಸರಳಿನ ಬಲ ಮೂರನೆಯ ಒಂದು ಪಾಲಿನಷ್ಟು ಕುಗ್ಗಿ ನೀರು ಕಾಯಲು ಹೊತ್ತು ಹಿಡಿಯುವುದು, ಯೂನಿಟ್ಟುಗಳು ಹೆಚ್ಚುಕಡಿಮೆ ಅವೇ. ಇನ್ನು ಸರಳು ಉರಿಯುತ್ತಿರುವಾಗ ನೀರಿಗೆ ಬೆರಳಿಟ್ಟು ನೋಡುವ ಅಭ್ಯಾಸ ಪ್ರಾಣಾಂತಿಕವಾದುದು. ಮೊದಲು ಗುಂಡಿ ಆರಿಸಿ, ತಂತಿಯನ್ನು ಕಿತ್ತು, ಆಮೇಲೆ ಮುಟ್ಟಬೇಕು.

ಮೀಟರನ್ನು ಓದುವ ವಿದ್ಯೆಯೂ ಕಲಿಸತಕ್ಕದ್ದೇ. 2023ರ ಜೂನಿನಲ್ಲಿ ಕೊಪ್ಪಳ ಜಿಲ್ಲೆಯ ಬಡ ವೃದ್ಧೆಯೊಬ್ಬಳ ಮನೆಗೆ ಲಕ್ಷ ರೂಪಾಯಿ ಮೀರಿದ ಬಿಲ್ಲು ಬಂದು, ತಪಾಸಣೆಯಲ್ಲಿ ಅದು ಮೀಟರಿನ ದೋಷವೆಂದು ಸಿದ್ಧವಾದ ಸಂಗತಿ ಪತ್ರಿಕೆಗಳಲ್ಲಿ ಬಂದಿತ್ತು. ಮೀಟರಿನ ಮುಖದ ಮೇಲೆ ಒಂದು ಯೂನಿಟ್ಟಿಗೆ ಕೆಂಪುದೀಪ ಎಷ್ಟು ಸಲ ಮಿನುಗುವುದೆಂದು ಅಚ್ಚಾಗಿರುತ್ತದೆ. ಆ ಸಂಖ್ಯೆ 3200 ಆಗಿದ್ದು, ಮನೆಯ ಬೇರೆಲ್ಲ ಗುಂಡಿಗಳನ್ನು ಆರಿಸಿ 1000 ವಾಟಿನ ಸರಳನ್ನು ಮಾತ್ರ ನೀರಿನಲ್ಲಿಟ್ಟು ಹೊತ್ತಿಸಿದರೆ, ನಿಮಿಷಕ್ಕೆ 53 ಸಲದ ಸುಮಾರಿಗೆ ಮಿನುಗಬೇಕು. ವೋಲ್ಟೇಜು ಸರಿಯಿದ್ದಾಗಲೂ ಅದಕ್ಕಿಂತ ಬಹಳ ಹೆಚ್ಚು ಮಿನುಗಿದರೆ, ಅಥವಾ ಎಲ್ಲವನ್ನೂ ಆರಿಸಿದ ಮೇಲೂ ಮಿನುಗುತ್ತಲೇ ಇದ್ದರೆ, ದಿನಾಂಕ ಸಹಿತ ಬರೆದಿಟ್ಟು ಹೆಸ್ಕಾಂ ಉಪವಿಭಾಗದ ಕಚೇರಿಗೆ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಬೇಕು. 1912ಕ್ಕೆ ದೂರವಾಣಿ ಮಾಡಿಯೂ ದೂರನ್ನು ದಾಖಲಿಸಬಹುದು.