ಓರೆಪಟ್ಟಿಯ ಕೌದಿ

ಸೋಲಾಪುರ, ಅಕ್ಕಲಕೋಟ ಸೀಮೆಯ ಮಕ್ಕಳಿಗೆ ಹೊದಿಕೆಯೆಂದರೆ ನೆನಪಾಗುವುದು ಎರಡು: ಮಗ್ಗದ ಚಾದರ, ಮನೆಯಲ್ಲಿ ಹೊಲಿದ ಕೌದಿ. ಸೋಲಾಪುರದ ಚಾದರಕ್ಕೆ ಭೌಗೋಳಿಕ ಸೂಚಕದ ಮಾನ್ಯತೆ ದೊರೆತಿದೆ. ಕೌದಿಯ ವಿದ್ಯೆಯಾದರೋ ಬಹುಮಟ್ಟಿಗೆ ಹಿರಿಯ ಹೆಣ್ಣುಮಕ್ಕಳ ಕೈಯಲ್ಲೇ ಉಳಿದಿದೆ. ಕಂದಲಗಾಂವದಂಥ ಊರುಗಳಲ್ಲಿ ಅವರಿಂದ ಕೇಳಿ ಕಲಿಯುವ ಅವಕಾಶ ಇರುವಾಗಲೇ ಈ ಕಾರ್ಯಾನುಭವದ ಪಾಠವನ್ನು ಕೈಗೆತ್ತಿಕೊಳ್ಳುವುದು ಲೇಸು.

ಇಲ್ಲಿ ಸೂಚಿಸಿದ ಜೋಡಣೆಗೆ ಅಮೆರಿಕದಲ್ಲಿ ‘ಲಾಗ್ ಕ್ಯಾಬಿನ್’ ಎಂಬ ಹೆಸರು. ಮರದ ದಿಮ್ಮಿಗಳನ್ನು ಪೇರಿಸಿ ಕಟ್ಟಿದ ಮನೆಯಂತೆ, ನಡುವಿನ ತುಂಡಿನ ಸುತ್ತ ಪಟ್ಟಿಗಳು ಬೆಳೆಯುತ್ತ ಹೋಗುತ್ತವೆ. 1860ರ ದಶಕದಲ್ಲಿ ಅಲ್ಲಿ ಇದು ಬಹಳ ಜನಪ್ರಿಯವಾಯಿತು. ನಡುವಿನ ಕೆಂಪು ಚೌಕವನ್ನು ಮನೆಯ ಒಲೆಯೆಂದು ಭಾವಿಸುವುದುಂಟು. ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ ಭಾಗದ ಸಿದ್ದಿ ಹೆಣ್ಣುಮಕ್ಕಳ ಕವಂದಿ ಇದಕ್ಕೆ ತೀರ ವಿರುದ್ಧ: ಅವರು ಅಂಚಿನಿಂದ ಆರಂಭಿಸಿ ಸುತ್ತುತ್ತ ನಡುವಿಗೆ ಬರುತ್ತಾರೆ. ಎರಡನ್ನೂ ಕರಿಹಲಗೆಯ ಮೇಲೆ ಬಿಡಿಸಿ ತೋರಿಸಿದರೆ ಸಾಕು, ವಿವರಣೆ ಬೇಕಾಗದು.

ನಡುವಿಗೆ ಆನೆ, ಮೋಟಾರು, ಮಾವಿನಹಣ್ಣು ಮೊದಲಾದ ಚಿತ್ರಗಳಿರುವ ಅಚ್ಚಿನ ಬಟ್ಟೆ ಬೇಕು. ದರ್ಜಿಯ ಅಂಗಡಿಯಲ್ಲಿ ಮಕ್ಕಳ ಅಂಗಿಯ ಚೂರುಗಳು ಸಿಗುತ್ತವೆ. ಚಿತ್ರದ ಸುತ್ತ ಕಾಲು ಅಂಗುಲಕ್ಕಿಂತ ಹೆಚ್ಚು ಬಟ್ಟೆ ಬಿಡದಿದ್ದರೆ ಆನೆಯ ಸೊಂಡಿಲು ಹೊಲಿಗೆಯೊಳಗೆ ಸೇರಿಹೋಗುತ್ತದೆ. ತುಂಡಿಗೆ ನಾಲ್ಕು ಬದಿಗಳಿದ್ದರೆ ಸಾಕು, ಅವು ಸಮವಾಗಿರಬೇಕಿಲ್ಲ. ಒಂದು ಬದಿಗೆ ಪಟ್ಟಿಯನ್ನು ಮುಖಕ್ಕೆ ಮುಖವಿಟ್ಟು ಕಾಲು ಅಂಗುಲ ಒಳಗೆ ಹೊಲಿದು, ಮಡಿಚಿ ಒತ್ತಿ, ಹೆಚ್ಚಿನ ತುದಿಯನ್ನು ಕತ್ತರಿಸಬೇಕು. ಆಮೇಲೆ ತುಂಡನ್ನು ತಿರುಗಿಸಿ ಮುಂದಿನ ಬದಿಗೆ ಇನ್ನೊಂದು ಪಟ್ಟಿ. ಪಟ್ಟಿಯ ಒಂದು ತುದಿ ಅಗಲ, ಇನ್ನೊಂದು ಕಿರಿದು. ಓರೆತನ ಬರುವುದು ಇದರಿಂದಲೇ. ಆದರೆ ಹೊಲಿಗೆ ಮಾತ್ರ ನೇರವಾಗಿರಬೇಕು. ಅದು ಡೊಂಕಾದರೆ ತುಂಡು ನಡುವೆ ಉಬ್ಬುತ್ತದೆ. ತೀರ ಓರೆಯಾಗಿ ಕತ್ತರಿಸಿದ ಪಟ್ಟಿ ಎಳೆದಂತೆ ಜಗ್ಗುತ್ತದೆ, ಆದ್ದರಿಂದ ಓರೆ ಅಲ್ಪವೇ ಇರಲಿ.

ತುಂಡು ಸಾಕಷ್ಟು ಬೆಳೆದ ಬಳಿಕ ಎಂಟೂವರೆ ಅಂಗುಲದ ರಟ್ಟಿನ ಚೌಕವನ್ನು ಅದರ ಮೇಲಿಟ್ಟು ಗೆರೆ ಎಳೆದು ಕತ್ತರಿಸಿದರೆ, ಎಲ್ಲರ ಓರೆಯೂ ಒಂದೇ ಅಳತೆಗೆ ಬರುತ್ತದೆ. ಜೋಡಿಸಿದ ಮೇಲೆ ಚೌಕ 8 ಅಂಗುಲ ಉಳಿಯುತ್ತದೆ. 16 ಚೌಕಗಳಿಂದ 32 ಅಂಗುಲದ ಕೂಸಿನ ಕೌದಿಯಾಗುತ್ತದೆ. ಆ ಅರ್ಧ ಅಂಗುಲ ಎಲ್ಲಿ ಹೋಯಿತೆಂಬ ಪ್ರಶ್ನೆಯನ್ನು ಗಣಿತದ ತಾಸಿಗೆ ಉಳಿಸಿಕೊಳ್ಳಬಹುದು.

ಮನೆಯಿಂದ ಹಳೆಯ ಸೀರೆ ತರಿಸುವಾಗ ಎಚ್ಚರ ಅಗತ್ಯ. ಅದು ತೀರಿಕೊಂಡವರ ಸೀರೆಯಾಗಿರಬಹುದು. ಹಿರಿಯರ ಒಪ್ಪಿಗೆ ತಿಳಿಯದೆ ಕತ್ತರಿ ಹಾಕಕೂಡದು. ಕತ್ತರಿಸಲು ಮಗುವಿಗೆ ಮನಸ್ಸಿಲ್ಲದಿದ್ದರೆ ಒತ್ತಾಯ ಬೇಡ. ಅಂಥ ಸೀರೆಯನ್ನು ಇಡಿಯಾಗಿ ಮಡಿಚಿ ಒಳಪದರವಾಗಿ ಇಡಬಹುದು. ಕೌದಿಯ ಹಳೆಯ ಪದ್ಧತಿಯೂ ಅದೇ.

ಕೊನೆಗೆ ಎಲ್ಲ ಪದರಗಳನ್ನು ಕೂಡಿಸುವ ಸಾದಾ ಹೊಲಿಗೆಯನ್ನು ಊರಿನ ಒಬ್ಬ ಅಜ್ಜಿಯಿಂದ ತೋರಿಸುವುದು ಉತ್ತಮ. ಅವರು ಗೇಣು, ಬೆರಳುಗಳಿಂದ ಅಳೆದರೆ ತಿದ್ದಬಾರದು. ಕೌದಿಗೆ ಮರಾಠಿಯಲ್ಲಿ ಗೋಧಡಿ ಎನ್ನುವುದು ಮಕ್ಕಳಿಗೆ ಗೊತ್ತೇ ಇರುತ್ತದೆ. ಸೂಜಿ, ತೇಪೆ, ಅಂಚುಗಳಿಗೆ ಅಜ್ಜಿ ಬಳಸುವ ಮಾತುಗಳನ್ನು ಅವರು ಕೇಳಿದಂತೆಯೇ ಬರೆದುಕೊಳ್ಳಲಿ.