ಹಳೆಯ ಲ್ಯಾಪ್‌ಟಾಪ್ ಮತ್ತು ನಿಸ್ತಂತು ಸಂಪರ್ಕ: ದೋಷಪರೀಕ್ಷೆಯ ಕ್ರಮ

ಬಡ ವಿದ್ಯಾರ್ಥಿಯ ವ್ಯಾಸಂಗಕ್ಕೆ ಅನೇಕ ವೇಳೆ ಹಳೆಯ ಲ್ಯಾಪ್‌ಟಾಪೊಂದೇ ಆಧಾರ. ವೈ-ಫೈ ದೊರೆಯದೊಡನೆ ಅದನ್ನು ನಿರುಪಯುಕ್ತವೆಂದು ಬದಿಗಿರಿಸುವುದು ಅವಿಚಾರ. ರೋಗನಿದಾನವಾದ ಬಳಿಕವೇ ಔಷಧ. ಇದಕ್ಕೆ ತರ್ಕಶಾಸ್ತ್ರದ ಅನ್ವಯ-ವ್ಯತಿರೇಕ ಕ್ರಮವೇ ಸಾಕು.

ಅದೇ ಸ್ಥಳದಲ್ಲಿ ಮೊಬೈಲ್ ಫೋನಿಗೂ ವೈ-ಫೈ ದೊರೆಯದಿದ್ದರೆ ದೋಷವು ರೌಟರಿನದು ಅಥವಾ ಸೇವೆಯದು. ಲ್ಯಾಪ್‌ಟಾಪಿಗೆ ಮಾತ್ರ ದೊರೆಯದಿದ್ದರೆ ಪರೀಕ್ಷೆಯು ಅದರತ್ತ ತಿರುಗಬೇಕು. ಹಳೆಯ ಹಲವು ಲ್ಯಾಪ್‌ಟಾಪುಗಳ ಅಂಚಿನಲ್ಲಿ ವೈ-ಫೈ ಸ್ವಿಚ್ಚು ಇರುತ್ತದೆ; ಕೈತಾಗಿ ಅದು ಆರಿರಬಹುದು.

ಸ್ವಿಚ್ಚು ಸರಿಯಿದ್ದೂ ಜಾಲದ ಹೆಸರೇ ಕಾಣದಿದ್ದರೆ ಕಾರಣ ಬೇರೆ. 1999ರ 802.11ಬಿ, 2003ರ 802.11ಜಿ ಮಾನಕಗಳಷ್ಟನ್ನೇ ಬಲ್ಲ ಯಂತ್ರಗಳು 2.4 ಗಿಗಾಹರ್ಟ್ಸ್ ತರಂಗಗಳನ್ನು ಮಾತ್ರ ಗ್ರಹಿಸುತ್ತವೆ. 5 ಗಿಗಾಹರ್ಟ್ಸ್ ಅವುಗಳಿಗೆ ಕೇಳಿಸದು. ಆಗ ರೌಟರಿನಲ್ಲಿ 2.4ನ್ನೂ ತೆರೆದು, 1, 6, 11 ಚಾನೆಲ್ಲುಗಳಲ್ಲೊಂದನ್ನು ಆರಿಸಬೇಕು. 12, 13ನೆಯ ಚಾನೆಲ್ಲುಗಳನ್ನು ಕೆಲವು ಹಳೆಯ ಯಂತ್ರಗಳು ಅರಿಯವು.

ಹೆಸರು ಕಂಡು, ಪಾಸ್‌ವರ್ಡ್ ಸರಿಯಿದ್ದೂ ಪ್ರವೇಶ ದೊರೆಯದಿದ್ದರೆ, ರೌಟರು 2018ರಲ್ಲಿ ಬಂದ ಡಬ್ಲ್ಯುಪಿಎ3 ರಕ್ಷಣೆಯನ್ನಷ್ಟೇ ಒಪ್ಪುತ್ತಿರಬಹುದು. ಡ್ರೈವರ್ ನವೀಕರಣದಿಂದ ಫಲವಾಗದಿದ್ದರೆ ಡಬ್ಲ್ಯುಪಿಎ2ಕ್ಕೂ ಅವಕಾಶ ಕೊಡಬೇಕು. ಸುಲಭಭೇದ್ಯವಾದ ಡಬ್ಲ್ಯುಇಪಿಗೆ ಇಳಿಯಬಾರದು.

ಸಂಪರ್ಕ ಕೂಡಿಯೂ ಜಾಲತಾಣಗಳು ತೆರೆಯದಿದ್ದರೆ ದಿನಾಂಕವನ್ನು ನೋಡಬೇಕು. ಒಳಗಿನ ಗಡಿಯಾರದ ಬ್ಯಾಟರಿ ಬತ್ತಿದರೆ ದಿನಾಂಕ ಹಿಂದೆ ಸರಿಯುತ್ತದೆ. ಆಗ ತಾಣಗಳ ಪ್ರಮಾಣಪತ್ರಗಳು ಅಸಿಂಧುವಾಗಿ ತೋರುತ್ತವೆ.

ಒಮ್ಮೆಗೆ ಒಂದನ್ನೇ ಬದಲಿಸಿ ಫಲವನ್ನು ನೋಡುವುದು ಈ ಪರೀಕ್ಷೆಯ ನಿಯಮ. ಯಾವುದೂ ಫಲಿಸದಿದ್ದರೆ ಒಳಗಿನ ವೈ-ಫೈ ಕಾರ್ಡು ಕೆಟ್ಟಿರಬಹುದು. ಆಗಲೂ ಅಲ್ಪಬೆಲೆಯ ಯುಎಸ್‌ಬಿ ಅಡಾಪ್ಟರೊಂದು ಸಾಕಾದೀತು. ಹಳತಾದುದೆಲ್ಲ ಕೆಟ್ಟುದಲ್ಲ, ಅನೇಕ ವೇಳೆ ಕೇಳುವ ಯಂತ್ರದ ಕಿವಿ ಸರಿಯಾಗಿಯೇ ಇದ್ದು, ಹೇಳುವ ಯಂತ್ರದ ಭಾಷೆ ಬದಲಾಗಿರುತ್ತದೆ.